ತಲೆಯೆತ್ತಿಕೊಂಡು ಬಂದ ಹುಂಜ

ಆ ಬೆಳಿಗ್ಗೆ ನಾನು ಹಿತ್ತಲ ಮೆಟ್ಟಿಲ ಮೇಲೆ ಕೂತು ಅವರೆಕಾಳು ಹಿತುಕುತ್ತಿದ್ದೆ. ಹಿಂದಿನ ದಿನವೇ ನೆನೆಹಾಕಿದ ಕಾಳು. ಎರಡು ಬೆರಳಲ್ಲಿ ಹಿಡಿದು ಒತ್ತಿದರೆ ಬೇಳೆ ಪುಳಕ್ಕನೆ ಪಾತ್ರೆಗೆ ಹಾರುತ್ತದೆ, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಅರ್ಧದಷ್ಟು ಮುಗಿದಿರಬೇಕು. ನಮ್ಮ ಬೀದಿಗೆಲ್ಲ ಇದ್ದ ಒಂದೇ ಫೋನಿನ ಒಡತಿ, ಪಕ್ಕದ ಮನೆಯಾಕೆ, ಗೋಡೆಯ ಮೇಲಿಂದ ತಲೆ ಹಾಕಿ ಕೂಗಿದಳು.

"ಅಕ್ಕಾ, ಬೇಗ ಬನ್ನಿ! ನಿಮ್ಮಳಿಯ ಫೋನು ಮಾಡವ್ರೆ. ಅಜ್ಜಿ ಆದ್ರಂತೆ ನೀವು. ಹೆಣ್ಣು ಮಗಾ!"

ಕೈ ತೊಳೆಯುವ ವ್ಯವಧಾನ ಯಾರಿಗಿತ್ತು? ಸಿಪ್ಪೆ ಮೆತ್ತಿದ ಕೈಯಲ್ಲೇ ಓಡಿಹೋಗಿ ಫೋನು ಹಿಡಿದೆ. ಮಗಳ ಚೊಚ್ಚಲು ಹೆರಿಗೆ ತವರಿನಲ್ಲಿ, ಅಂದರೆ ಪಾಂಡವಪುರದ ನಮ್ಮ ಮನೆಯಲ್ಲೇ ಆಗಬೇಕಿತ್ತು. ಮುಂದಿನ ವಾರ ಕರೆತರುವುದೆಂದು ನಿಶ್ಚಯವೂ ಆಗಿತ್ತು. ಮಗುವಿಗೆ ಅಷ್ಟು ತಾಳ್ಮೆ ಇರಲಿಲ್ಲ. ಮೂರು ವಾರ ಮೊದಲೇ, ಕೆ.ಆರ್. ಪೇಟೆಯಲ್ಲಿ, ಅಪ್ಪನ ಊರಿನಲ್ಲೇ ಹುಟ್ಟಿತು. ಎರಡು ದಿನದಿಂದ ನಮ್ಮ ಬೀದಿಯ ಲೈನು ಸತ್ತಿದ್ದರಿಂದ ಸುದ್ದಿ ನಮಗೆ ತಲುಪಿದ್ದು ಮೂರನೆಯ ದಿನ, ತಾಯಿ ಮಗು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ.

ಸಂತೋಷದ ಮಾತೆಲ್ಲ ಮುಗಿದ ಮೇಲೆ ಅಳಿಯನ ದನಿ ಸ್ವಲ್ಪ ಇಳಿಯಿತು. "ಅತ್ತೆ, ಅವಳು ಏನೂ ತಿಂತಾ ಇಲ್ಲ. ಗಂಜಿ ಬೇಡ, ಬ್ರೆಡ್ಡು ಬೇಡ. ಅಮ್ಮ ನೆನ್ನೆ ಫಾರಂ ಕೋಳಿ ತರಿಸಿ ಸಾರು ಮಾಡಿದ್ರು, ವಾಸನೆ ನೋಡೇ ತಟ್ಟೆ ದೂಡಿಬಿಟ್ಟಳು. ಹಾಲೂ ಸರಿಯಾಗಿ ಬರ್ತಾ ಇಲ್ಲ, ಮಗು ಅಳ್ತದೆ. ನಿಮ್ಮ ಕೋಳಿ ಸಾರು ಬೇಕಂತೆ."

"ಬತ್ತೀನಿ ಅಂತ ಹೇಳಿ ಅವಳಿಗೆ," ಅಂದೆ. "ಕೋಳಿ ಹಿಡ್ಕೊಂಡೇ ಬತ್ತೀನಿ."

ಹೇಳುವುದೇನೋ ಹೇಳಿದೆ. ಆದರೆ ಕೋಳಿ ಎಂದರೆ ನನಗೆ ಸುಲಭದ ಮಾತಾಗಿರಲಿಲ್ಲ. ಅದಕ್ಕೆ ಐದಾರು ವರ್ಷ ಮುಂಚೆ ನಾನೊಂದು ಹರಕೆ ಮಾಡಿಕೊಂಡಿದ್ದೆ.

ಒಂದು ಶನಿವಾರ ಶ್ರೀರಂಗಪಟ್ಟಣದಲ್ಲಿ ರಂಗನಾಥನ ದರ್ಶನ ಮುಗಿಸಿ, ತುಳಸಿ ಇನ್ನೂ ಬಾಯಲ್ಲಿರುವಾಗಲೇ ಬಸ್ಸಿಗೆ ನಿಂತಿದ್ದೆ. ಸೈಕಲ್ಲಿನವನೊಬ್ಬ ಹ್ಯಾಂಡಲಿನ ಎರಡು ಕಡೆಗೂ ಕೋಳಿಗಳನ್ನು ಕಾಲು ಕಟ್ಟಿ, ತಲೆ ಕೆಳಗೆ ಮಾಡಿ ನೇತುಹಾಕಿಕೊಂಡು ಬಂದು ನನ್ನ ಪಕ್ಕದಲ್ಲೇ ನಿಲ್ಲಿಸಿದ. ಬಿಸಿಲಿಗೆ ಬಾಯಿ ತೆರೆದಿದ್ದವು. ಅದರಲ್ಲೊಂದು ಕತ್ತು ಮೇಲಕ್ಕೆ ತಿರುಚಿ, ನೆಟ್ಟಗಿರುವವರ ಹಾಗೆ ಲೋಕ ನೋಡಲು ಹೆಣಗುತ್ತಿತ್ತು. ಸುಸ್ತಾಗಿ ತಲೆ ಬಿಡುವುದು, ಮತ್ತೆ ಎತ್ತುವುದು. ಬಸ್ಸು ಬರುವವರೆಗೂ ಅದೇ ಕೆಲಸ.

ಬಾಡು ತಿನ್ನುವುದನ್ನೇ ಬಿಡುತ್ತೇನೆಂದು ದೇವರ ಮುಂದೆ ಹೇಳಲು ನನಗೆ ಬಾಯಿ ಬರಲಿಲ್ಲ. ನಾನು ಬಾಡು ತಿನ್ನುವವಳೇ, ಚೆನ್ನಾಗಿಯೇ ತಿನ್ನುವವಳು; ದೇವರಿಗೆ ಸುಳ್ಳು ಹೇಳಿ ಏನು ಸುಖ? ಅದಕ್ಕೆ ನನ್ನ ಶಕ್ತಿಗೆ ತಕ್ಕ ಸಣ್ಣದೊಂದು ಹರಕೆ ಹೊತ್ತೆ. ನೆಲದ ಮೇಲೆ ಓಡಾಡಿ ಬೆಳೆದದ್ದಾಗಿರಬೇಕು, ಮತ್ತು ತಲೆ ಕೆಳಗಾಗಿ ಬಂದ ಕೋಳಿಯನ್ನು ನಾನು ಬೇಯಿಸಬಾರದು. ಅಷ್ಟೇ.

ಅಷ್ಟೇ ಅಂದುಕೊಂಡದ್ದು ನನ್ನ ತಪ್ಪು. ಹರಕೆ ಹೊತ್ತ ಮೇಲೆ ನೋಡಿದರೆ ಅಂಥ ಕೋಳಿ ಮಾರುವವರೇ ಇಲ್ಲ. ಸಂತೆಗೆ ಬರುವ ನಾಟಿ ಕೋಳಿಗಳೂ ತಲೆ ಕೆಳಗಾಗಿಯೇ ಬರುತ್ತಿದ್ದವು. ಎರಡು ತಿಂಗಳು ನಮ್ಮ ಮನೆಯಲ್ಲಿ ಕೋಳಿ ಬೇಯಲಿಲ್ಲ. ಕೊನೆಗೆ ಒಂದು ದಿನ ಬಸ್ಸಿನಲ್ಲಿ, ಮಡಿಲಲ್ಲಿ ಹ್ಯಾಟೆಕೋಳಿ ಕೂರಿಸಿಕೊಂಡು ಅದರ ನೆತ್ತಿ ಸವರುತ್ತಿದ್ದ ಮುದುಕಿಯೊಬ್ಬಳು ನನ್ನ ಪಕ್ಕ ಕೂತಳು. ಬೆಳಗೊಳದಾಚೆ ನಾಲೆಯ ದಡದಲ್ಲಿ ಅವಳ ಮನೆ. ಅಂದಿನಿಂದ ನಮ್ಮ ಮನೆಗೆ ಕೋಳಿ ಬಂದರೆ ಅವಳ ಹತ್ತಿರದಿಂದಲೇ.

ಬೆಲೆಯೋ, ಫಾರಂ ಕೋಳಿ ಎರಡು ಬರುವ ದುಡ್ಡಿಗೆ ಅಜ್ಜಿಯದು ಒಂದು. ಒಂದು ಸಲ ಚೌಕಾಸಿ ಮಾಡಲು ಹೋಗಿ ಬೈಸಿಕೊಂಡೆ. "ನಾನು ಕೋಳಿಗೆ ಕಾಸು ಈಸ್ಕಳಾಕಿಲ್ಲ ಕಣವ್ವ, ಅದು ಓಡಾಡಿದ್ದಕ್ಕೆ ಈಸ್ಕತೀನಿ," ಅಂದಳು. "ಫಾರಮ್ಮಿಂದು ಕುಂತು ತಿಂದು ತಿಂಗಳೊಪ್ಪತ್ತಿಗೆ ತೂಕ ಬತ್ತದೆ. ನಂದು ಇಡೀ ವರ್ಸ ಊರೆಲ್ಲ ಸುತ್ತಿ, ಕಂಡೋರ ಕೈಲಿ ಬೈಸ್ಕಂಡು, ನಾಯಿ ಬಾಯಿಂದ ತಪ್ಪಿಸ್ಕಂಡು ಬೆಳೀತದೆ. ಅಷ್ಟೂ ದಿನ ನಾನು ಅದರ ಇಂದೆ ಓಡಿಲ್ವಾ? ನನ್ ಕಾಲಿಗೆ ಕೂಲಿ ಬ್ಯಾಡ್ವಾ?"

ಹಾಗಾಗಿ ಪ್ರತಿ ಭಾನುವಾರ ಇದ್ದ ಕೋಳಿ ಸಾರು ತಿಂಗಳಿಗೊಂದು ಸಲಕ್ಕೆ ಇಳಿಯಿತು. ಮಿಕ್ಕ ಭಾನುವಾರ ಬಸ್ಸಾರು, ಮೊಳಕೆ ಹುರುಳಿಕಾಳು, ಬದನೆಕಾಯಿ. ನಮ್ಮೆಜಮಾನರು ಸಕ್ಕರೆ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದರು, ದುಡಿದು ಬಂದು ತಟ್ಟೆ ನೋಡಿ, "ರಂಗನಾಥನಿಗೆ ನನ್ನ ಹೊಟ್ಟೆ ಮೇಲೇ ಯಾಕಪ್ಪ ಕಣ್ಣು?" ಎಂದು ಮೇಲೆ ನೋಡುತ್ತಿದ್ದರು. ಆದರೂ ಒಂದು ದಿನವೂ ಕದ್ದು ಬೇರೆ ಕೋಳಿ ತಂದವರಲ್ಲ. ಅದು ದೇವರು ನನಗೆ ಕೊಟ್ಟ ಭಾಗ್ಯಗಳಲ್ಲಿ ಒಂದು.

ನಾನು ಈ ಹರಕೆಯನ್ನು ಬೀದಿಯವರ ಮುಂದೆ ಡಂಗುರ ಸಾರಲಿಲ್ಲ. ಪಕ್ಕದ ಮನೆಯಾಕೆಗೆ ಆರು ಮಕ್ಕಳು. ಅವಳು ವಾರವಾರ ಫಾರಂ ಕೋಳಿ ತರುತ್ತಿದ್ದಳು. ಅವಳಿಗೆ ಬುದ್ಧಿ ಹೇಳಲು ನಾನ್ಯಾರು? ನನಗಿದ್ದದ್ದು ಒಬ್ಬಳೇ ಮಗಳು, ಸುಲಭವಾಗಿ ಹರಕೆ ಹೊತ್ತೆ. ಆರು ತಟ್ಟೆ ಬಡಿಸಬೇಕಾಗಿದ್ದರೆ ಹೊರುತ್ತಿದ್ದೆನೋ ಇಲ್ಲವೋ, ಆ ಪರೀಕ್ಷೆಗೆ ದೇವರು ನನ್ನನ್ನು ಕೂರಿಸಲಿಲ್ಲ. ನನ್ನ ಮಗಳೇ ಒಮ್ಮೆ ಕೇಳಿದ್ದುಂಟು: "ಎಷ್ಟು ಚೆನ್ನಾಗಿ ಸಾಕಿದ್ರೂ ಕೊನೆಗೆ ಕೊಯ್ಯೋದೇ ಅಲ್ವಾ ಅವ್ವ?" ಹೌದು, ಕೊಯ್ಯುವುದೇ. "ಕೊನೇದು ಒಂದು ಗಳಿಗೆ. ಅದಕ್ಕೆ ಮುಂಚಿನ ದಿನಗಳಾದ್ರೂ ಅದರದ್ದಾಗಿರಲಿ," ಅಂದಿದ್ದೆ.

ಈಗ ಆ ಮಗಳೇ ಬಾಣಂತಿ, ಹಸಿದುಕೊಂಡು ಮಲಗಿದ್ದಾಳೆ.

"ಇಲ್ಲೇ ಬಸ್ ಸ್ಟ್ಯಾಂಡ್ ಪಕ್ಕ ಕೋಳಿ ಅಂಗಡಿ ಅದೆ," ಅಂದರು ನಮ್ಮೆಜಮಾನರು. "ಹತ್ತು ನಿಮಿಷದ ಕೆಲಸ. ನೀನು ಬೆಳಗೊಳಕ್ಕೆ ಹೋಗಿ, ಅಜ್ಜಿ ಹತ್ರ ಮಾತಾಡಿ, ಕೋಳಿ ಹಿಡಿಸ್ಕೊಂಡು ಕೆ.ಆರ್. ಪೇಟೆ ಸೇರೋ ಹೊತ್ತಿಗೆ ಮೊಮ್ಮಗಳು ಸ್ಕೂಲಿಗೆ ಸೇರಿರ್ತಾಳೆ."

"ಆ ಕೋಳಿ ಸಾರನ್ನೇ ನೆನ್ನೆ ದೂಡಿದ್ಲಲ್ಲ."

"ಅದೂ ಸರಿಯೇ. ಹೋಗಿ ಬಾ. ಅವರೆಕಾಳು ನಾನು ಹಿತುಕ್ತೀನಿ." ಕಬ್ಬು ಅರೆಯುವ ಕಾಲ, ಅವರಿಗೆ ರಜೆ ಇರಲಿಲ್ಲ, ಮಧ್ಯಾಹ್ನದ ಪಾಳಿಗೆ ಇನ್ನೂ ಹೊತ್ತಿತ್ತು. ಪಂಚೆ ಮಡಚಿ ಕಟ್ಟಿ ಮೆಟ್ಟಿಲ ಮೇಲೆ ಕೂತೇಬಿಟ್ಟರು. ಮೊದಲನೇ ಕಾಳು ಅವರ ಕನ್ನಡಕಕ್ಕೆ ಹಾರಿತು.

ಬಸ್ ಸ್ಟ್ಯಾಂಡಿನಲ್ಲಿ ಆ ಅಂಗಡಿಯ ಮುಂದೆ ಒಂದು ನಿಮಿಷ ನಿಂತೆ. ನಿಲ್ಲಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಬ್ಬಿಣದ ಪಂಜರದೊಳಗೆ ಬಿಳಿ ಕೋಳಿಗಳು ಒಂದರ ಮೇಲೊಂದು ಒತ್ತಿಕೊಂಡಿದ್ದವು. ಮಗಳ ಹೊಟ್ಟೆ ಹೆಚ್ಚೋ ಹರಕೆ ಹೆಚ್ಚೋ? ಹೊಟ್ಟೆಯೇ ಹೆಚ್ಚು, ಅದರಲ್ಲಿ ನನಗೆ ಗೊಂದಲವಿರಲಿಲ್ಲ. "ಸಂಜೆಯೊಳಗೆ ಅಜ್ಜಿಯ ಕೋಳಿ ಸಿಗದಿದ್ದರೆ ಇಲ್ಲಿಂದಲೇ ಒಂದು ತಗೊಂಡು ಹೋಗಿ ಹೇಗಾದರೂ ತಿನ್ನಿಸ್ತೀನಿ, ನಿನಗೆ ತಪ್ಪುಕಾಣಿಕೆ ಹಾಕ್ತೀನಿ. ಈಗಲೇ ಹೇಳಿದ್ದೀನಿ, ಆಮೇಲೆ ಕೇಳಬೇಡ," ಎಂದು ರಂಗನಾಥನಿಗೆ ಹೇಳಿ ಬಸ್ಸು ಹತ್ತಿದೆ.

ಶ್ರೀರಂಗಪಟ್ಟಣದಲ್ಲಿ ಇಳಿದು ಬಸ್ಸು ಬದಲಿಸಿ, ನಾಲೆಯ ಏರಿಯ ಮೇಲೆ ನಡೆದು ಅಜ್ಜಿಯ ಮನೆ ಮುಟ್ಟಿದಾಗ ನಡುಮಧ್ಯಾಹ್ನ. ಅಜ್ಜಿ ರಾಗಿ ಹುಲ್ಲಿನ ಮೆದೆಗೆ ಒರಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು.

"ಇವತ್ತು ಯಾವ ಕೋಳಿನೂ ಇಲ್ಲ ಕಣವ್ವ," ಅಂದಳು ನನ್ನ ಮುಖ ನೋಡಿದವಳೇ. "ಎರಡು ಕಾವಿಗೆ ಕುಂತವೆ. ಒಂದು ಮರಿ ಕಟ್ಕಂಡು ತಿರುಗ್ತಾ ಅದೆ. ಮಿಕ್ಕ ಯಾಟೆಗಳೆಲ್ಲ ಮಾರಿ ಹೋದ್ವು."

"ಮರಿ ಜತೆ ಇರೋದನ್ನೇ ಕೊಡಜ್ಜಿ. ನನ್ ಮಗಳು ಹಡೆದವ್ಳೆ, ಅನ್ನ ಮುಟ್ತಾ ಇಲ್ಲ."

"ಅದೂ ಬಾಣಂತಿನೇ ಅಲ್ವಾ? ಒಂದು ಬಾಣಂತಿ ಕುಯ್ದು ಇನ್ನೊಂದು ಬಾಣಂತಿಗೆ ಉಣ್ಣಿಸ್ತೀಯಾ? ನೀನೇ ಯೋಳು."

ಅಲ್ಲೇ ಕೂತೆ. ಕಣ್ಣು ತುಂಬಿ ಬಂತು. ಅಜ್ಜಿ ಒಂದಿಷ್ಟು ಹೊತ್ತು ಎಲೆ ಅಗಿದಳು, ಉಗುಳಿದಳು, ಮತ್ತೆ ನನ್ನನ್ನು ನೋಡಿದಳು.

"ಚೊಚ್ಚಲಾ?"

"ಹೂ."

"ಎಣ್ಣಾ ಗಂಡಾ?"

"ಹೆಣ್ಣು."

"ಲಕ್ಷ್ಮಿ ಬುಡು." ಎದ್ದಳು. ತಿಪ್ಪೆಯ ಮೇಲೆ ಬೆಂಕಿ ಬಣ್ಣದ ಹುಂಜವೊಂದು ಊರ ಪಟೇಲನ ಹಾಗೆ ನಿಂತಿತ್ತು. ಅವಳ ಕೋಳಿಗಳಿಗೆಲ್ಲ ಅದೊಂದೇ ಗಂಡು. ಅದನ್ನು ಯಾರು ಎಷ್ಟು ಕೇಳಿದರೂ ಕೊಡುತ್ತಿರಲಿಲ್ಲ. ಇಷ್ಟು ರಾಗಿ ಚೆಲ್ಲಿ ಕರೆದಳು, ಬಂತು. ಎದೆಯ ಕೆಳಗೆ ಕೈ ಕೊಟ್ಟು ಎತ್ತಿಕೊಂಡಳು.

"ನಿನ್ನ ಮನೆಗೆ ಗಂಡು ಬೇಡ್ವಾ ಅಜ್ಜಿ?"

"ಅದರ ಮಗ ಒಬ್ಬ ಅವ್ನೆ, ಕೂಗೋದು ಕಲೀತಾ. ಇನ್ನೂ ಗಂಟ್ಲು ಒಡೆದಿಲ್ಲ. ಕಲ್ತ್ಕತಾನೆ ಬುಡು."

ಯಾವಾಗಲೂ ಕೊಡುವುದಕ್ಕಿಂತ ಹೆಚ್ಚು ಕೊಡಲು ಹೋದೆ. ಹೆಚ್ಚಿನದನ್ನು ನನ್ನ ಕೈಯಲ್ಲೇ ಮಡಚಿಟ್ಟಳು. ಹುಂಜವನ್ನು ಬಟ್ಟೆ ಚೀಲದಲ್ಲಿ ಕೂರಿಸಿ, ಕುತ್ತಿಗೆ ಮಾತ್ರ ಹೊರಗಿರುವಂತೆ ಸಡಿಲವಾಗಿ ಬಾಯಿ ಕಟ್ಟಿ, ಹೊರಡುವಾಗ ಪ್ರತಿಸಲ ಹೇಳುವುದನ್ನೇ ಹೇಳಿದಳು. "ನೀರು ಹಾಕಿ ಕೇಳು. ಒದರಿದ ಮೇಲೇ ಮುಂದಿನ ಮಾತು."

ನಮ್ಮ ಕಡೆ ದೇವರಿಗೆ ಕೊಯ್ಯುವಾಗ ಕುರಿಗೋ ಕೋಳಿಗೋ ತಲೆಯ ಮೇಲೆ ತೀರ್ಥ ಹಾಕಿ, ಅದು ಮೈ ಒದರುವವರೆಗೆ ಕಾಯುತ್ತಾರೆ. ಒದರಿದರೆ ಒಪ್ಪಿತು ಎಂದು ಲೆಕ್ಕ. ಅಜ್ಜಿಯ ನೇಮವೆಂದರೆ ದೇವರಿಗಾಗಲಿ ಸಾರಿಗಾಗಲಿ, ಕೇಳಲೇಬೇಕು. ಅವತ್ತು ಏಕೋ ನಾನು ಕೇಳಿಬಿಟ್ಟೆ. "ಅದು ನಿಜವಾಗ್ಲೂ ಒಪ್ಕೊಂಡೇ ಒದರ್ತದಾ ಅಜ್ಜಿ?"

"ತಲೆ ಮ್ಯಾಲೆ ನೀರು ಬಿದ್ರೆ ಯಾವ ಕೋಳಿ ಒದರಾಕಿಲ್ಲ?" ಅಜ್ಜಿ ನಕ್ಕಳು. "ಅದು ಒಪ್ತದೆ ಅಂತ ನಾನೇನು ತಿಳ್ಕಂಡಿಲ್ಲ. ನಾವು ನಿಂತು ಕಾಯ್ತೀವಲ್ಲ, ಆ ಹೊತ್ತು ನಮ್ಗೆ. ಸಾಕಿದ್ದು, ಕಾದಿದ್ದು ಎಲ್ಲಾ ಗ್ಯಾಪಕಕ್ಕೆ ಬತ್ತದೆ. ಅಷ್ಟು ಹೊತ್ತು ನಿಲ್ಲಾಕಾಗದೋರು ಕೋಳಿ ತಿನ್ನಬಾರ್ದು."

ಹುಂಜ ನನ್ನ ಮಡಿಲಲ್ಲಿ ಕೂತು ಬಸ್ಸುಗಳನ್ನು ಬದಲಿಸಿತು. ಮೊದಲೆರಡು ಬಸ್ಸಿನಲ್ಲಿ ಯಾರೂ ಏನೂ ಅನ್ನಲಿಲ್ಲ. ಪಾಂಡವಪುರದಿಂದ ಕೆ.ಆರ್. ಪೇಟೆಗೆ ಹೊರಟ ಬಸ್ಸಿನ ಕಂಡಕ್ಟರು ಮಾತ್ರ ನಿಂತು ನೋಡಿದ.

"ಇದಕ್ಕೂ ಟಿಕೆಟ್ ತಗೋಬೇಕಮ್ಮ."

"ಮಡಿಲಲ್ಲಿ ಕೂತದೆ ಕಣಪ್ಪ. ಕೂಸಿಗೆಲ್ಲ ಟಿಕೆಟ್ ಕೇಳ್ತೀಯಾ?"

"ಕೂಸಾದ್ರೆ ಸುಮ್ನಿರಬೇಕು. ಕೂಗಿದ್ರೆ ಟಿಕೆಟ್ಟು."

ಚಿನಕುರಳಿ ದಾಟುವವರೆಗೂ ಸುಮ್ಮನಿತ್ತು. ಕಬ್ಬಿನ ಗಾಡಿಗಳ ಸಾಲಿಗೆ ದಾರಿ ಬಿಡಲು ಬಸ್ಸು ನಿಂತಿದ್ದೇ ತಡ, ಕಿಟಕಿಯಿಂದ ಕತ್ತು ಹಾಕಿ ಕೂಗಿತು ನೋಡಿ, ಎತ್ತುಗಳು ಬೆದರಿದವು. ಹಿಂದಿನ ಸೀಟಿನ ಗಂಡಸೊಬ್ಬ, "ಕಂಡಕ್ಟ್ರೇ, ಅದು ಟಿಕೆಟ್ ಕೇಳ್ತಾ ಅದೆ, ಕೊಟ್ಬುಡಿ," ಅಂದ. ಇಡೀ ಬಸ್ಸು ನಕ್ಕಿತು. ಕಂಡಕ್ಟರು ಲಗೇಜಿನ ಟಿಕೆಟ್ ಹರಿದು ಹುಂಜದ ಕೊಕ್ಕಿನ ಮುಂದೆಯೇ ಹಿಡಿದ. ನನ್ನ ಮಗಳು ಊಟ ಬಿಟ್ಟು ಮಲಗಿದ್ದಾಳೆಂಬುದನ್ನು ಮರೆತು ನಾನೂ ನಕ್ಕೆ.

ಕೆ.ಆರ್. ಪೇಟೆಯಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು. ಅಳಿಯ ಕಾಯುತ್ತಿದ್ದರು. ಮೂರು ದಿನ ನಿದ್ದೆಗೆಟ್ಟ ಕಣ್ಣು, ಆದರೂ ಮುಖದ ತುಂಬ ನಗು. "ಕೊಡಿ ಅತ್ತೆ, ನೀವ್ಯಾಕೆ ಹೊರ್ತೀರಿ," ಎಂದು ಚೀಲ ಇಸಿದುಕೊಂಡರು. ಹೊರಲು ಅಡಚಣೆಯೆನಿಸಿತೋ ಏನೋ, ಚೀಲದ ಬಾಯಿ ಬಿಚ್ಚಿ ಹುಂಜವನ್ನು ಹೊರಗೆಳೆದು, ಎರಡೂ ಕಾಲು ಸೇರಿಸಿ ಹಿಡಿದು, ತಲೆ ಕೆಳಗಾಗಿ ನೇತಾಡಿಸಿಕೊಂಡು ಹೊರಟೇಬಿಟ್ಟರು.

ಲೋಕದಲ್ಲಿ ಎಲ್ಲರೂ ಕೋಳಿ ಹಿಡಿಯುವುದೇ ಹಾಗೆ. ಅವರದೇನೂ ತಪ್ಪಿಲ್ಲ, ಅತ್ತೆಯ ಭಾರ ಇಳಿಸಲು ಹೊರಟವರು. ಆದರೆ ಮೂರು ಬಸ್ಸು ತಲೆಯೆತ್ತಿಕೊಂಡು, ಟಿಕೆಟ್ ತೆಗೆದುಕೊಂಡು ಬಂದ ಪ್ರಾಣಿ, ಮನೆ ಇನ್ನೇನು ಬಂತು ಎನ್ನುವಾಗ ತಲೆ ಕೆಳಗಾಯಿತಲ್ಲ! ಪೇಟೆಯ ನಡುವೆ ಅಳಿಯನನ್ನು ಗದರುವುದುಂಟೇ? ಹತ್ತು ಹೆಜ್ಜೆ ಅವರ ಹಿಂದೆಯೇ ನಡೆದೆ. ಹುಂಜ ಕತ್ತು ತಿರುಚಿ ತಲೆ ಎತ್ತಿತು, ಬಿಟ್ಟಿತು, ಎತ್ತಿತು. ತಡೆಯಲಾಗಲಿಲ್ಲ.

"ಮಗುನ ಎತ್ಕೊಂಡ್ರಾ?" ಅಂದೆ.

"ಓ! ಮೊದಲನೇ ದಿನವೇ. ನರ್ಸಮ್ಮ ಹೇಳ್ಕೊಟ್ರು. ಕುತ್ತಿಗೆ ಕೆಳಗೆ ಕೈ ಕೊಡಬೇಕಂತೆ, ತಲೆ ಜೋಲಬಾರದಂತೆ."

"ಇದಕ್ಕೂ ಹಂಗೇ ಒಂದು ಕೈ ಕೊಟ್ಬುಡಿ."

ಅಳಿಯ ನಿಂತರು. ನನ್ನನ್ನು ನೋಡಿದರು, ಕೈಯಲ್ಲಿದ್ದುದನ್ನು ನೋಡಿದರು. ಮಗಳು ಹರಕೆಯ ವಿಷಯ ಹೇಳಿದ್ದಿರಬೇಕು, ಕಿವಿಯವರೆಗೂ ಕೆಂಪಾದರು. "ಅಯ್ಯೋ ಅತ್ತೆ, ಮರೆತೇಹೋಯ್ತು," ಎಂದು ಹುಂಜವನ್ನು ತಿರುಗಿಸಿ ಎದೆಗವಚಿಕೊಂಡು, ಕುತ್ತಿಗೆಗೆ ಕೈ ಕೊಟ್ಟರು. ಎದುರು ಬಂದ ಅವರ ಸ್ನೇಹಿತನೊಬ್ಬ, "ಏನ್ಲಾ, ಇದೇನಾ ನಿನ್ ಮಗ?" ಅಂದ. "ಹೂಂ ಕಣ್ಲಾ, ಮೂಗು ನಂದೇ ನೋಡು," ಅಂದರು ಅಳಿಯ. ಮನೆ ಬರುವವರೆಗೂ ಹಾಗೇ ಹೊತ್ತು ತಂದರು.

ನನ್ನ ಬೀಗಿತ್ತಿ ಬಾಗಿಲಲ್ಲೇ ಇದ್ದರು. ಶೀಳನೆರೆ ಕಡೆಯ ಹಳ್ಳಿಯವರು, ಸೊಸೆಯ ಬಾಣಂತನಕ್ಕೆ ಬಂದವರು. ಅವರ ಮನೆಯಲ್ಲೇ ಕೋಳಿಗಳಿದ್ದವು, ಆದರೆ ಆ ವರ್ಷದ ಮಳೆಗಾಲದಲ್ಲಿ ರೋಗ ಬಂದು ಊರಲ್ಲಿ ಒಂದೂ ಉಳಿದಿರಲಿಲ್ಲ. "ನಿಮ್ಮ ಮಗಳ ನಾಲಗೆ ಕೆಡಿಸಿಟ್ಟಿದ್ದೀರಿ ಬೀಗಿತ್ತಿ," ಎಂದು ನಗುತ್ತಲೇ ಸ್ವಾಗತಿಸಿದರು. ಒಳಗೆ ಮಗಳು ನನ್ನನ್ನು ನೋಡಿ ಅತ್ತಳು, ಮೊಮ್ಮಗಳು ಯಾರನ್ನೂ ನೋಡದೆ ಅತ್ತಳು, ನಾನು ಇಬ್ಬರನ್ನೂ ನೋಡಿ ಅತ್ತೆ. ಮಗಳ ಕೆನ್ನೆ ಒಣಗಿತ್ತು. ಅವತ್ತು ಸಂಜೆ ಅವಳು ತಿಂದದ್ದು ಎರಡು ತುತ್ತು ಬೆಳ್ಳುಳ್ಳಿ ಅನ್ನ, ಅದೂ ನಾನು ತುತ್ತು ಇಟ್ಟಿದ್ದಕ್ಕೆ.

ತಲೆ ಕೆಳಗಾದ ಸಂಗತಿಯನ್ನು ಬೀಗಿತ್ತಿಗೆ ಹೇಳಿಕೊಂಡೆ. "ಅಷ್ಟೇನಾ?" ಅಂದರು. "ನೀವು ಬೇಯ್ಸಬೇಡಿ, ನಾನು ಬೇಯಿಸ್ತೀನಿ. ಅರಕೆ ನಿಮ್ದು, ನಂದಲ್ವಲ್ಲ."

"ಹಂಗೆ ದೇವರ ಕಣ್ಣಿಗೆ ಮಣ್ಣೆರಚೋಕೆ ಆಯ್ತದಾ?"

"ಆಗಾಕಿಲ್ಲ ಬುಡಿ," ಎಂದು ಅವರೂ ಒಪ್ಪಿದರು. ಒಂದು ರೂಪಾಯಿಯನ್ನು ಅರಿಶಿನ ಬಟ್ಟೆಯಲ್ಲಿ ಕಟ್ಟಿ, ತಪ್ಪಾಯಿತು ರಂಗನಾಥ, ಹತ್ತು ಹೆಜ್ಜೆಯ ತಪ್ಪು ಎಂದು ಹೇಳಿ ದೇವರ ಗೂಡಿನಲ್ಲಿಟ್ಟೆ. ತಿರುಗಿ ನೋಡಿದರೆ ಬೀಗಿತ್ತಿ ಹಿತ್ತಲಲ್ಲಿ ಕೂತು, ಬಾಣಂತಿಗೆಂದು ತಂದಿದ್ದ ಹರಳೆಣ್ಣೆಯನ್ನು ಹುಂಜದ ಕಾಲಿಗೆ ನೀವುತ್ತಿದ್ದರು. "ಹಿಡ್ದ ಜಾಗ ನೋಯ್ತಿರ್ತದೆ ಪಾಪ," ಅಂದರು. ಆಮೇಲೆ ರಾಗಿ ಚೆಲ್ಲಿ ಹಿತ್ತಲಲ್ಲಿ ಬಿಟ್ಟೆವು. ಕತ್ತಲಾಗುವವರೆಗೂ ಅದು ತನ್ನದೇ ಹಿತ್ತಲೆಂಬಂತೆ ಕೆದಕಿತು.

ಬೆಳಿಗ್ಗೆ ಸ್ನಾನ ಮಾಡಿ, ಚೊಂಬಿನಲ್ಲಿ ನೀರು ತಂದು ಅದರ ತಲೆಯ ಮೇಲೆ ಹಾಕಿದೆ. ಸುಮ್ಮನೆ ನಿಂತಿತ್ತು. ಇನ್ನೊಂದಿಷ್ಟು ಹಾಕಿದೆ. ಕಣ್ಣು ಮಿಟುಕಿಸಿತು. ಅಳಿಯ ಕತ್ತಿ ಹಿಡಿದು ನಿಂತಿದ್ದರು, ಅವರಿಗೆ ಕೆಲಸಕ್ಕೆ ಹೊತ್ತಾಗುತ್ತಿತ್ತು. ಒಳಗೆ ಮಗು ಅಳುತ್ತಿತ್ತು.

"ಅವ್ವಾ, ಆಯ್ತಾ?" ಮಗಳು ಕೋಣೆಯಿಂದ ಕೇಳಿದಳು.

"ಇನ್ನೂ ಯೋಚ್ನೆ ಮಾಡ್ತಾ ಅದೆ ಕಣವ್ವ," ಎಂದು ಬೀಗಿತ್ತಿ ಉತ್ತರ ಕೊಟ್ಟರು.

ಆ ಹೊತ್ತಿನಲ್ಲಿ ನನಗೆ ಅಜ್ಜಿ ಹೇಳಿದ್ದು ಅರ್ಥವಾಯಿತು. ತಿಪ್ಪೆಯ ಮೇಲೆ ನಿಂತಿದ್ದ ಅದರ ಠೀವಿ, ಮಡಿಲ ಮೇಲಿದ್ದ ಅದರ ಬಿಸಿ, ಬಸ್ಸಿನ ಕೂಗು, ಇನ್ನೂ ಗಂಟಲು ಒಡೆಯದ ಅದರ ಮಗ, ಎಲ್ಲವೂ ಕಣ್ಣ ಮುಂದೆ ಬಂದವು. ಅಜ್ಜಿ ಕೇಳಿದ ಬೆಲೆ ಕಡಿಮೆಯೇ ಆಯಿತೆನಿಸಿತು. ನನಗೆ ಬೇಜಾರಾಯಿತು, ಮತ್ತು ನನ್ನ ಮಗಳಿಗೆ ಸಾರು ಬೇಕಿತ್ತು. ಎರಡೂ ನಿಜ. ಎರಡನ್ನೂ ಹಿಡಿದುಕೊಂಡು ನಿಂತೆ.

ಆಗ ಅದು ಮೈಯುಬ್ಬಿಸಿ ಒದರಿತು. ಎಂಥ ಒದರುವಿಕೆ! ಅಳಿಯನ ಇಸ್ತ್ರಿ ಅಂಗಿ, ಬೀಗಿತ್ತಿಯ ಮುಖ, ನನ್ನ ಕುಂಕುಮ ಎಲ್ಲ ನೆನೆದವು. ಕೈಮುಗಿದು ನಾನು ಒಳಗೆ ಬಂದೆ.

ಮೆಣಸು, ಜೀರಿಗೆ, ಧನಿಯ ಹುರಿದು, ಬೆಳ್ಳುಳ್ಳಿ ಕೈತುಂಬ ಸುಲಿದು, ಇಷ್ಟೇ ಇಷ್ಟು ತೆಂಗಿನಕಾಯಿ ಇಟ್ಟು ರುಬ್ಬಿದೆ. ಓಡಾಡಿ ಬೆಳೆದ ಹುಂಜ, ಬೇಯಲು ಅದಕ್ಕೇನು ಅವಸರ? ಒಂದು ಹೊತ್ತು ಹಿಡಿಯಿತು. ಮೊದಲ ಬಟ್ಟಲನ್ನು ಮಗಳು ಸದ್ದು ಮಾಡಿಕೊಂಡು ಕುಡಿದಳು. ಎರಡನೆಯದನ್ನು ಅವಳೇ ಕೇಳಿದಳು. ಮೂರನೆಯದಕ್ಕೆ ಅನ್ನ ಕಲಸಿಕೊಂಡಳು. ಬೀಗಿತ್ತಿ ಒಂದು ಚಮಚ ರುಚಿ ನೋಡಿ, "ನಾನೇ ಇನ್ನೊಂದು ಹಡೀಬೇಕು ಅನ್ನಿಸ್ತದೆ," ಅಂದರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮಗು ಕುಡಿದು ಕುಡಿದು ಸುಸ್ತಾಗಿ, ಬಾಯಂಚಲ್ಲಿ ಹಾಲಿಟ್ಟುಕೊಂಡು ಮಲಗಿತು. ಸಾರೋ, ಅವ್ವ ಬಂದಳೆಂಬ ಧೈರ್ಯವೋ, ಬರಬೇಕಾದ ದಿನಕ್ಕೆ ಹಾಲು ತಾನಾಗೇ ಬಂದಿತೋ, ನನಗೆ ಗೊತ್ತಿಲ್ಲ. ಕೊಟ್ಟವನಿಗೆ ಗೊತ್ತು. ಹುಂಜದ ಟಿಕೆಟ್ಟು ಕೈಚೀಲದಲ್ಲಿ ಸಿಕ್ಕಿತು. ಅದನ್ನು ದೇವರ ಗೂಡಿನಲ್ಲಿ, ಅರಿಶಿನ ಬಟ್ಟೆಯ ಗಂಟಿನ ಪಕ್ಕದಲ್ಲಿ ಇಟ್ಟೆ. ಅದೂ ಒಂದು ಕಾಣಿಕೆಯೇ.

"ಬೀಗಿತ್ತಿ, ಹಂಡೆ ಉರಿ ಆರ್ತಾ ಅದೆ!" ಹಿತ್ತಲಿಂದ ಕೂಗು ಬಂತು. ಬಾಣಂತಿಯ ನೀರು ಕಾಯಬೇಕಿತ್ತು. ಸೆರಗು ಸಿಕ್ಕಿಸಿ ಹೋಗಿ, ಒಣಗಿದ ತೆಂಗಿನ ಗರಿ ಮುರಿದು ಒಲೆಗೆ ತುರುಕಿ, ಊದುಕೊಳವೆ ಹಿಡಿದು ಕೂತೆ.